ಮೇಜಿನ ಮೇಲೆ ಬೋರಲಾಗಿ ಇಟ್ಟ ಮಾಸ್ಕ್

ಇವರನ್ನು ಮೇಷ್ಟ್ರು ಎಂದೇ ಕರೆಯುತ್ತೇನೆ. ಹಾಸನ ಜಿಲ್ಲೆಯ ಕಡೆಯವರು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ವಯಸ್ಸು 51. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಉಸಿರಿನ ಮಾಸ್ಕ್ ಹಾಕಿಕೊಳ್ಳಲು ಆಗದವರ ಜೊತೆ ಮಾತಾಡಿ ಅಭ್ಯಾಸ ಮಾಡಿಸುವುದು ನನ್ನ ಕೆಲಸ. ನಿದ್ದೆಯ ಡಾಕ್ಟರು ಅವರನ್ನು ನನ್ನ ಹತ್ತಿರ ಕಳಿಸಿದ್ದರು. ಜೊತೆಗೆ ಹೆಂಡತಿಯೂ ಬಂದಿದ್ದರು. ಕಪ್ಪು ಬ್ಯಾಗಿನಲ್ಲಿ ಸಿಪ್ಯಾಪ್ ಮೆಷಿನ್ ಇತ್ತು. ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಮಾಸ್ಕ್ ಮೂಲಕ ಗಾಳಿ ಊದುವ ಮೆಷಿನ್ ಅದು. ಕೊಂಡು ಐದು ವಾರ ಆಗಿತ್ತಂತೆ. "ಅಷ್ಟು ದುಡ್ಡು ಕೊಟ್ಟು ತಂದಿದ್ದು ಮೇಡಂ. ಈಗ ನೋಡಿದ್ರೆ ಅಟ್ಟಕ್ಕೆ ಹಾಕು ಅಂತಾರೆ" ಎಂದರು ಮನೆಯವರು. ಮೇಷ್ಟ್ರು ಮಾತಾಡಲಿಲ್ಲ. ಸ್ಲೀಪ್ ಸ್ಟಡಿಯ ರಿಪೋರ್ಟನ್ನು ಮಾತ್ರ ನನ್ನ ಮುಂದೆ ಸರಿಸಿದರು.

ಅದರಲ್ಲಿ ಎಎಚ್‌ಐ 42 ಎಂದಿತ್ತು. ನಿದ್ದೆಯಲ್ಲಿ ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ಅರೆಬರೆ ಆಗುತ್ತದೆ ಅನ್ನುವ ಲೆಕ್ಕ ಅದು. 5ರ ಒಳಗಿದ್ದರೆ ಚಿಂತೆ ಇಲ್ಲ. 15ರವರೆಗೆ ಸ್ವಲ್ಪ, 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ ಸ್ಲೀಪ್ ಆಪ್ನಿಯಾ. "ಏಳು ಗಂಟೆ ನಿದ್ದೆಗೆ 294 ಸಲ" ಎಂದು ಅವರೇ ಗುಣಿಸಿ ಹೇಳಿದರು. ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಸ್ಕ್ ಹಾಕಿಕೊಳ್ಳಲು ಆಗುತ್ತಿರಲಿಲ್ಲ.

ಹಗಲು ಹೇಗಿರುತ್ತೀರಿ ಎಂದು ಕೇಳಿದೆ. ಪರೀಕ್ಷೆಯ ಹಾಲ್‌ನಲ್ಲಿ ಕುರ್ಚಿಯ ಮೇಲೆ ನಿದ್ದೆ ಹೋಗಿದ್ದರು. ಒಬ್ಬ ಹುಡುಗ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಕಳಿಸಿದ್ದ. ಅದಕ್ಕಿಂತ ನನಗೆ ಭಯವಾದದ್ದು ಇನ್ನೊಂದು ವಿಷಯ. ಬೈಕ್ ಎರಡು ಸಲ ರಸ್ತೆ ಬಿಟ್ಟು ಮಣ್ಣಿಗೆ ಇಳಿದಿತ್ತು. ನನ್ನ ಮೊದಲ ಸಲಹೆ ಅಲ್ಲೇ ಕೊಟ್ಟೆ. ಹಗಲಿನ ತೂಕಡಿಕೆ ಹೋಗಿ, ಡಾಕ್ಟರು ಸರಿ ಅನ್ನುವ ತನಕ ಬೈಕ್ ಮುಟ್ಟಬೇಡಿ. ಬಸ್ಸಿನಲ್ಲಿ ಹೋಗಿ. ಇದರಲ್ಲಿ ನಾನು ಯಾರ ಹತ್ತಿರವೂ ಚೌಕಾಸಿ ಮಾಡುವುದಿಲ್ಲ.

ಆಮೇಲೆ ಬ್ಯಾಗಿನಿಂದ ಮಾಸ್ಕ್ ತೆಗೆದು ಮೇಜಿನ ಮೇಲಿಟ್ಟೆ. ಮಾತಾಡುತ್ತಾ ಆಡುತ್ತಾ ಅವರು ಅದನ್ನು ಮೆಲ್ಲಗೆ ಬೋರಲು ಹಾಕಿದರು. ಯಾಕೆ ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. "ಅಣ್ಣನಿಗೂ ಇಂಥದ್ದೇ ಹಾಕಿದ್ರು" ಎಂದರು.

ಅವರ ಅಣ್ಣ 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡಿದ್ದರು. ಆಸ್ಪತ್ರೆಯ ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಒಬ್ಬ ನರ್ಸಮ್ಮ ದಯೆ ತೋರಿ ವಿಡಿಯೋ ಕಾಲ್ ಮಾಡಿಸಿದ್ದರು. ಮುಖ ಪೂರ್ತಿ ಮುಚ್ಚಿದ, ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಮೆಷಿನ್ನಿನ ಮಾಸ್ಕ್. ಒಳಗಿಂದ ಅಣ್ಣ ಏನೋ ಹೇಳಲು ನೋಡುತ್ತಿದ್ದರು. ಕೇಳಿಸಲಿಲ್ಲ. ಮರುದಿನ ಸುದ್ದಿ ಬಂತು. ಆ ಕಾಲ್ ಬಗ್ಗೆ ಮೇಷ್ಟ್ರು ಹೆಂಡತಿಗೂ ಹೇಳಿರಲಿಲ್ಲ. ಅವರು ಅಲ್ಲೇ ಕೂತು ಮೊದಲ ಸಲ ಕೇಳಿದರು. "ಇಷ್ಟು ದಿನ ಒಬ್ರೇ ಇಟ್ಕೊಂಡಿದ್ರಲ್ಲ ರೀ" ಎಂದರು ಅಷ್ಟೆ.

ಆವತ್ತು ಮೆಷಿನ್ ವಿಷಯ ಮುಂದುವರಿಸಲಿಲ್ಲ. ಅಣ್ಣನ ಬಗ್ಗೆಯೇ ಮಾತಾಡಿದೆವು. ಇವರನ್ನು ಓದಿಸಿದ್ದು ಆ ಅಣ್ಣನೇ.

ಸಿಪ್ಯಾಪ್ ಬಿಟ್ಟವರನ್ನು ಮನೆಯವರು, ಕೆಲವು ಸಲ ಡಾಕ್ಟರುಗಳು ಕೂಡ, ಹಟಮಾರಿ ಅಂದುಬಿಡುತ್ತಾರೆ. ಹಾರ್ಟಿಗೆ ತೊಂದರೆ, ಬಿಪಿ ಏರುತ್ತೆ, ಸ್ಟ್ರೋಕ್ ಆಗುತ್ತೆ ಎಂದು ಹೆದರಿಸುತ್ತಾರೆ. ಅದೆಲ್ಲ ನಿಜ. ಆದರೆ ಮೊದಲೇ ಹೆದರಿದವರನ್ನು ಇನ್ನಷ್ಟು ಹೆದರಿಸಿದರೆ ಅವರು ಮಾಸ್ಕ್ ಹಾಕುತ್ತಾರಾ? ಈ ಮಾಸ್ಕ್ ನೋಡಿದರೆ ನಿಮಗೆ ಏನು ನೆನಪಾಗುತ್ತೆ ಅಂತ ಒಂದು ಸಲ ಕೇಳಬೇಕು. ಬಾವಿಗೆ ಬಿದ್ದದ್ದನ್ನು ಹೇಳಿದವರಿದ್ದಾರೆ. ಚಿಕ್ಕಂದಿನಲ್ಲಿ ಕಂಬಳಿ ಮುಚ್ಚಿ ಅದುಮಿದ್ದನ್ನು ಹೇಳಿದವರಿದ್ದಾರೆ.

ಎರಡನೇ ಭೇಟಿಯಲ್ಲಿ ಎರಡು ಭಯಗಳನ್ನು ಎತ್ತಿಕೊಂಡೆವು. ಅಣ್ಣನ ಮಾಸ್ಕಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಮೊದಲು ಹೇಳಿದೆ. ಅಲ್ಲಿ ಕೆಟ್ಟಿದ್ದು ಶ್ವಾಸಕೋಶ. ಅದಕ್ಕೆ ಆಕ್ಸಿಜನ್ ಬೇಕಿತ್ತು. ಇಲ್ಲಿ ಶ್ವಾಸಕೋಶ ಚೆನ್ನಾಗಿದೆ. ನಿದ್ದೆ ಬಂದಾಗ ನಾಲಿಗೆ ಮತ್ತು ಗಂಟಲಿನ ಸ್ನಾಯು ಸಡಿಲವಾಗಿ ದಾರಿ ಮುಚ್ಚಿಕೊಳ್ಳುತ್ತದೆ. ತೋಟಕ್ಕೆ ನೀರು ಬಿಡುವ ಮೆತ್ತನೆ ಪೈಪ್ ನೋಡಿದ್ದೀರಲ್ಲ? ನೀರಿಲ್ಲದಾಗ ಚಪ್ಪಟೆ ಬಿದ್ದಿರುತ್ತದೆ. ಮೋಟರ್ ಹಾಕಿದರೆ ದುಂಡಗೆ ನಿಲ್ಲುತ್ತದೆ. ಈ ಮೆಷಿನ್ ಗಂಟಲಿಗೆ ಅಷ್ಟು ಮಾಡುತ್ತದೆ. ಕಳಿಸುವುದು ಕೋಣೆಯ ಗಾಳಿಯನ್ನೇ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಎಂಬ ಡಾಕ್ಟರು ಇದನ್ನು ಮೊದಲು ಪ್ರಕಟಿಸಿದರು ಎಂದಾಗ, "ನಾನು ಆಗ ಪ್ರೈಮರಿ ಸ್ಕೂಲು" ಎಂದು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಒತ್ತಡ ಜಾಸ್ತಿಯಾಗಿ ಎದೆ ಒಡೆದ್ರೆ?" ಇದು ಅವರ ಮೊದಲ ಭಯ. ಮೆಷಿನ್ ಪರದೆಯ ಮೇಲೆ 10 ಎಂದು ತೋರಿಸಿದ್ದು ನೋಡಿ ಗಾಬರಿ ಆಗಿದ್ದರು. ಆ 10 ಅಂದರೆ 10 ಸೆಂಟಿಮೀಟರ್ ನೀರು. ಉದ್ದನೆ ಲೋಟಕ್ಕೆ ನೀರು ತುಂಬಿಸಿ, ಸ್ಟ್ರಾವನ್ನು 10 ಸೆಂಟಿಮೀಟರ್ ಆಳಕ್ಕೆ ಇಳಿಸಿ ಊದಿ ಎಂದೆ. ಗುಳುಗುಳು ಗುಳ್ಳೆ ಬಂದವು. ಅಷ್ಟೇ ಒತ್ತಡ. ಸುತ್ತಲಿನ ಗಾಳಿಯ ಒತ್ತಡದ ನೂರರಲ್ಲಿ ಒಂದು ಪಾಲು. ಮೇಷ್ಟ್ರು ಮೂರು ಸಲ ಊದಿ ನೋಡಿದರು. ನಾನು ಹತ್ತು ಸಲ ಹೇಳಿದ್ದರೂ ಇಷ್ಟು ಅರ್ಥ ಆಗುತ್ತಿರಲಿಲ್ಲ.

ಇನ್ನೊಂದು ಭಯ ಕರೆಂಟಿನದು. ಮಳೆಗಾಲದಲ್ಲಿ ಅವರ ಊರಲ್ಲಿ ರಾತ್ರಿಯಿಡೀ ಕರೆಂಟ್ ಇರುವುದು ಅಪರೂಪ. ಮೆಷಿನ್ ನಿಂತರೆ ಮಾಸ್ಕ್ ಒಳಗೇ ಉಸಿರು ಕಟ್ಟಿ ಹೋದರೆ? ಮಾಸ್ಕ್ ಹಾಕಿಸಿ, ಗಾಳಿ ಬಿಟ್ಟು, ಎಚ್ಚರಿಸಿಯೇ ಪ್ಲಗ್ ಕಿತ್ತೆ. ಅವರ ಕಣ್ಣು ದೊಡ್ಡದಾಯಿತು. ಆದರೆ ಉಸಿರು ಬಂತು. ಮೂಗು ಬಾಯಿ ಎರಡೂ ಮುಚ್ಚುವ ಮಾಸ್ಕ್‌ನಲ್ಲಿ ಒಂದು ಕವಾಟ ಇರುತ್ತದೆ. ಮೆಷಿನ್ ನಿಂತ ಕೂಡಲೇ ಅದು ತೆರೆದು ಹೊರಗಿನ ಗಾಳಿ ಒಳಗೆ ಬರುತ್ತದೆ. ಮೂಗಿನ ಮಾಸ್ಕ್ ಆದರೆ ಬಾಯಿ ಹೇಗೂ ಖಾಲಿ. ಸ್ವಲ್ಪ ಹೊತ್ತಾದ ಮೇಲೆ ಹಿಂಸೆಯಾಗಿ ಎಚ್ಚರವಾಗುತ್ತದೆ, ಮಾಸ್ಕ್ ತೆಗೆದರೆ ಆಯಿತು. ಮನೆಯ ಇನ್ವರ್ಟರ್‌ಗೆ ಹಾಕಬಹುದಾ ಎಂದು ಮೆಷಿನ್ ಕೊಟ್ಟವರನ್ನು ಕೇಳಲು ಹೇಳಿದೆ. ಆಗುತ್ತದೆ ಎಂದರಂತೆ. ನೀರು ಬಿಸಿ ಮಾಡುವ ಹ್ಯೂಮಿಡಿಫೈಯರನ್ನು ಆ ಹೊತ್ತಿಗೆ ಆಫ್ ಮಾಡಿದರೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ.

ಇದಾದ ಮೇಲೆ ಅಭ್ಯಾಸದ ಮಾತು. ಒಂದು ವಾರ ರಾತ್ರಿ ಬೇಡ, ಎಚ್ಚರ ಇದ್ದಾಗ ಮಾತ್ರ ಎಂದೆ. ಇದಕ್ಕೆ ಡಾಕ್ಟರನ್ನು ಕೇಳಿಯೇ ಒಪ್ಪಿಗೆ ತೆಗೆದುಕೊಂಡಿದ್ದೆ. ಆ ವಾರ ಬೆನ್ನ ಮೇಲೆ ಮಲಗದೆ ಮಗ್ಗುಲಾಗಿ ಮಲಗಲು ಡಾಕ್ಟರು ಹೇಳಿದರು. ಮೊದಲ ದಿನ ಪಟ್ಟಿ ಕಟ್ಟದೆ ಮಾಸ್ಕನ್ನು ಕೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಳ್ಳುವುದು. ಬೇಡ ಅನಿಸಿದ ಕ್ಷಣ ತೆಗೆಯುವುದು. ಕೈಯಲ್ಲಿದೆ ಅಂದಾಗ ಭಯ ಅರ್ಧ ಇಳಿಯುತ್ತದೆ. ಆಮೇಲೆ ಟಿವಿಯಲ್ಲಿ ವಾರ್ತೆ ನೋಡುವಾಗ ಪಟ್ಟಿ ಕಟ್ಟಿ 10 ನಿಮಿಷ. ಆಮೇಲೆ ಗಾಳಿ ಬಿಟ್ಟುಕೊಂಡು 20 ನಿಮಿಷ. ಭಾನುವಾರ ಊಟವಾದ ಮೇಲಿನ ನಿದ್ದೆಗೆ ಒಮ್ಮೆ. ಹಾಸಿಗೆಗೆ ಒಯ್ಯುವ ಹೊತ್ತಿಗೆ ಅದು ಹೊಸ ವಸ್ತು ಆಗಿರಬಾರದು.

ಮಾಸ್ಕ್ ವಿಷಯದಲ್ಲೂ ತಪ್ಪಾಗಿತ್ತು. ಮನೆಗೆ ಬಂದು ಕೊಟ್ಟವರು ಕುರ್ಚಿಯ ಮೇಲೆ ಕೂರಿಸಿ, ಒಂದೇ ಅಳತೆಯದ್ದು ಕಟ್ಟಿ ಹೋಗಿದ್ದರು. ಮಲಗಿದಾಗ ಮುಖದ ಆಕಾರವೇ ಬೇರೆ. ಗಾಳಿ ಕಣ್ಣಿನ ಕಡೆ ಸೋರುತ್ತಿತ್ತು. ಸೋರಿದಂತೆಲ್ಲ ಇವರು ಪಟ್ಟಿ ಬಿಗಿ ಮಾಡುತ್ತಿದ್ದರು. ಬಿಗಿ ಮಾಡಿದಷ್ಟೂ ಸಿಲಿಕಾನ್ ಮಡಚಿ ಇನ್ನೂ ಸೋರುತ್ತಿತ್ತು. ಮೂಗಿನ ಮೇಲೆ ಕೆಂಪು ಬರೆ ಬಿದ್ದಿತ್ತು. ಜೊತೆಗೆ ಅವರದು ದಪ್ಪ ಮೀಸೆ. ಮೀಸೆ ತೆಗೆಯಿರಿ ಎಂದು ಅಂಗಡಿಯವರು ಹೇಳಿದ್ದರಂತೆ. ನಾನು ಹಾಗೆ ಹೇಳುವುದಿಲ್ಲ. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಚಿಕ್ಕ ದಿಂಬಿನಂಥ ಮಾಸ್ಕ್ ಸಿಗುತ್ತದೆ. ಮೀಸೆಯೂ ಉಳಿಯುತ್ತದೆ, ಮುಖವೂ ಮುಚ್ಚುವುದಿಲ್ಲ. ಅಣ್ಣನ ಮುಖ ನೆನಪಾಗುವವರಿಗೆ ಇದು ದೊಡ್ಡ ವಿಷಯ. ಡಾಕ್ಟರು ನೋಡಿ ಒಪ್ಪಿದರು. ಕಟ್ಟಿದ ಮೂಗಿಗೆ ರಾತ್ರಿ ಉಪ್ಪುನೀರಿನ ಸ್ಪ್ರೇ ಬರೆದುಕೊಟ್ಟರು. ಮೆಷಿನ್ ಒತ್ತಡ 4ರಿಂದ ಶುರುವಾಗುವ ಹಾಗೆ ಇಟ್ಟಿದ್ದರು. ದೊಡ್ಡ ಮೈಯವರಿಗೆ ಅದು ಸಾಲದೆ, ಗಾಳಿ ಬರುತ್ತಲೇ ಇಲ್ಲ ಅನಿಸುವುದುಂಟು. ಡಾಕ್ಟರು ಅದನ್ನು 7 ಮಾಡಿದರು. ಈ ಅಂಕಿಗಳನ್ನು ಮಾತ್ರ ಯಾರೂ ಮನೆಯಲ್ಲಿ ತಾವೇ ಬದಲಿಸಬಾರದು.

ನಾಲ್ಕನೇ ವಾರ ಒಂದು ಘಟನೆ. "ದಿನಾ ಆರು ಗಂಟೆ ಹಾಕ್ತಾರೆ ಮೇಡಂ, ಸದ್ದು ಕೇಳಿಸುತ್ತೆ" ಎಂದು ಮನೆಯವರು ಖುಷಿಯಿಂದ ಫೋನ್ ಮಾಡಿದರು. ಅವರು ಆರು ವರ್ಷದಿಂದ ಮಗಳ ಜೊತೆ ಹಾಲ್‌ನಲ್ಲಿ ಮಲಗುತ್ತಾರೆ, ಗೊರಕೆಯ ದೆಸೆಯಿಂದ. ಆದರೆ ಮೆಷಿನ್ ಉಸಿರನ್ನೂ ಲೆಕ್ಕ ಹಾಕುತ್ತದೆ. ಅದರ ಮೆಮೊರಿ ಕಾರ್ಡ್ ತೆಗೆದು ನೋಡಿದರೆ ಮಾಸ್ಕ್ ಮುಖದ ಮೇಲಿದ್ದದ್ದು ರಾತ್ರಿಗೆ ಸುಮಾರು 50 ನಿಮಿಷ. ಉಳಿದ ಹೊತ್ತು ದಿಂಬಿನ ಪಕ್ಕ ಸುಮ್ನೆ ಗಾಳಿ ಊದುತ್ತಿತ್ತು.

ಮೇಷ್ಟ್ರನ್ನು ಒಬ್ಬರನ್ನೇ ಕೂರಿಸಿ ತೋರಿಸಿದೆ. ತಲೆ ತಗ್ಗಿಸಿದರು. "ಅವಳಿಗೆ ಬೇಜಾರಾಗಬಾರದು ಅಂತ" ಎಂದರು. ನನಗೆ ಇದರಲ್ಲಿ ಮೋಸ ಕಾಣಲಿಲ್ಲ. ಹೋಂವರ್ಕ್ ಆಗದ ಮಗು ಪುಸ್ತಕ ಮನೆಯಲ್ಲಿ ಮರೆತೆ ಅನ್ನುವ ಹಾಗೆ. ಅಂಥ ಮಕ್ಕಳಿಗೆ ನೀವು ಏನು ಮಾಡುತ್ತೀರಿ ಎಂದು ಕೇಳಿದೆ. "ಒಂದೇ ಲೆಕ್ಕ ಕೊಡ್ತೀನಿ" ಎಂದರು. ಅವರಿಗೂ ಒಂದೇ ಲೆಕ್ಕ ಕೊಟ್ಟೆ. ಮಲಗುವಾಗ ಹಾಕಿ. ನಡುರಾತ್ರಿ ತೆಗೆದಿದ್ದರೆ ಬೈದುಕೊಳ್ಳಬೇಡಿ. ಎಚ್ಚರವಾದಾಗ ಇನ್ನೊಂದು ಸಲ ಹಾಕಿ. ಗಂಟೆ ಎಷ್ಟಾಯಿತು ಎಂದು ಬೆಳಿಗ್ಗೆ ಯಾರೂ ಕೇಳುವ ಹಾಗಿಲ್ಲ, ನಾನೂ ಕೇಳುವುದಿಲ್ಲ. ನಿದ್ದೆ ಮಾತ್ರೆ ಕೇಳಿದರು. ಡಾಕ್ಟರನ್ನು ಕೇಳದೆ ಬೇಡವೇ ಬೇಡ ಎಂದೆ. ಕೆಲವು ಮಾತ್ರೆಗಳು ಮತ್ತು ಮದ್ಯ ಗಂಟಲನ್ನು ಇನ್ನೂ ಸಡಿಲ ಮಾಡುತ್ತವೆ.

ಮನೆಯವರಿಗೂ ಒಂದು ಮಾತು ಹೇಳಿದೆ. ನೀವು ಕಾವಲು ಕಾಯುವುದು ಬಿಡಿ, ಕೋಣೆಗೆ ವಾಪಸ್ ಬನ್ನಿ. ಅವರು ಬಂದರು. ಬಂದ ಮೊದಲ ಮೂರು ರಾತ್ರಿ ಅವರಿಗೇ ನಿದ್ದೆ ಇಲ್ಲ. ಗೊರಕೆ ಇಲ್ಲದೆ ಮನೆ ಅಷ್ಟು ನಿಶ್ಶಬ್ದ! ಉಸಿರು ಇದೆಯೋ ಇಲ್ಲವೋ ಎಂದು ಎದ್ದೆದ್ದು ನೋಡುತ್ತಿದ್ದರಂತೆ. ವರ್ಷಗಟ್ಟಲೆ ಅವರು ಗೊರಕೆ ನಿಲ್ಲುವುದನ್ನು, ಮತ್ತೆ ಶುರುವಾಗುವುದನ್ನು ಎಣಿಸುತ್ತಾ ಮಲಗಿದವರು. ರೋಗಿಯ ಫೈಲಿನಲ್ಲಿ ಹೆಂಡತಿಯ ನಿದ್ದೆಗೆ ಜಾಗ ಇರುವುದಿಲ್ಲ. ಇರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ನೆಂಟರು ಸುಮ್ಮನಿರಲಿಲ್ಲ. ತೂಕ ಇಳಿಸು, ಪ್ರಾಣಾಯಾಮ ಮಾಡು, ಮೆಷಿನ್ ಬಿಸಾಕು. ತೂಕ ಇಳಿದರೆ ನಿಜಕ್ಕೂ ಒಳ್ಳೆಯದು. ಮಾಡಿ ಎಂದೆ. ಪ್ರಾಣಾಯಾಮವೂ ಮನಸ್ಸಿಗೆ ಹಿತ. ಆದರೆ ತೂಕ ಇಳಿಯಲು ತಿಂಗಳುಗಳು ಬೇಕು. ಉಸಿರು ನಿಲ್ಲುವುದು ಈವತ್ತು ರಾತ್ರಿ. ಎಷ್ಟೋ ತೆಳ್ಳಗಿರುವವರಿಗೂ ಈ ತೊಂದರೆ ಇರುತ್ತದೆ.

ಹನ್ನೊಂದನೇ ವಾರಕ್ಕೆ ಕಾರ್ಡ್ ರಾತ್ರಿಗೆ ಐದೂವರೆ ಗಂಟೆ ತೋರಿಸಿತು. ಮೆಷಿನ್ ಹಾಕಿದ ಹೊತ್ತಿನ ಎಎಚ್‌ಐ 3. ರಾತ್ರಿಗೆ 4 ಗಂಟೆ, 10ರಲ್ಲಿ 7 ರಾತ್ರಿ ಅನ್ನುವುದು ಹಲವು ಕಡೆ ಬಳಸುವ ಅಳತೆ. ಅದು ಕನಿಷ್ಠದ ಗೆರೆ, ಅಲ್ಲಿಗೇ ನಿಲ್ಲಬೇಡಿ ಎಂದೆ. ಬೆಳಗಿನ ಜಾವದ ನಿದ್ದೆಯಲ್ಲೇ ಕನಸು ಜಾಸ್ತಿ. ಆ ಹೊತ್ತಲ್ಲಿ ಎಷ್ಟೋ ಜನರಿಗೆ ಉಸಿರು ಜಾಸ್ತಿ ಕಟ್ಟುತ್ತದೆ. ಮಾಸ್ಕ್ ತೆಗೆದಿಡುವುದೂ ಅದೇ ಹೊತ್ತಲ್ಲಿ. ಒಂದು ದಿನ ಕನಸಿನಲ್ಲಿ ಅಣ್ಣ ಬಂದಿದ್ದರಂತೆ. ಮಾಸ್ಕ್ ಇರಲಿಲ್ಲ, ತೋಟದಲ್ಲಿ ನಿಂತಿದ್ದರು ಎಂದರು.

ಕಳೆದ ತಿಂಗಳು ಅವರ ಫೋನ್ ಬಂತು. ತಂಗಿಯ ಮಗಳ ಮದುವೆಗೆ ಛತ್ರದಲ್ಲಿ ಎರಡು ರಾತ್ರಿ ಉಳಿಯಬೇಕು. ಸಾಲಾಗಿ ಹಾಸಿಗೆ ಹಾಕಿ ಇಪ್ಪತ್ತು ಜನ ಮಲಗುವ ಹಾಲ್. ಅಲ್ಲಿ ಇದನ್ನು ಹಾಕಿಕೊಳ್ಳಲು ನಾಚಿಕೆ, ಹಾಕದಿದ್ದರೆ ಗೊರಕೆ. ಏನು ಮಾಡಲಿ ಎಂದರು. ಯಾರಿಗೆ ಹೇಳಿದರೆ ನಿಮಗೆ ಹಗುರ ಆಗುತ್ತೆ ಎಂದು ಕೇಳಿದೆ. ಭಾವನಿಗೆ ಎಂದರು. ಹಾಗಾದರೆ ಅವರಿಗೆ ಈಗಲೇ ಫೋನ್ ಮಾಡಿ, ಗೋಡೆ ಪಕ್ಕ, ಪ್ಲಗ್ ಹತ್ತಿರ ಒಂದು ಹಾಸಿಗೆ ಹಿಡಿದಿಡಲು ಹೇಳಿ ಎಂದೆ. ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಕೂಡ ತೆಗೆದುಕೊಂಡು ಹೋಗಲು ಹೇಳಿದೆ. ಮರುದಿನ ಮೆಸೇಜ್ ಬಂತು. ಭಾವ ಹಾಸಿಗೆ ಹಿಡಿದಿದ್ದರು. ತಮಗೂ ರಾತ್ರಿ ಉಸಿರು ಕಟ್ಟಿದ ಹಾಗೆ ಆಗಿ ಎಚ್ಚರವಾಗುತ್ತದೆ, ಆ ಟೆಸ್ಟ್ ಎಲ್ಲಿ ಮಾಡುತ್ತಾರೆ ಎಂದು ಕೇಳಿದ್ದರಂತೆ.