ಕಂಬಕ್ಕಿಂತ ದಾರಿಯ ಚಿಂತೆ ಮಾಡಿ

ರೋಣದ ಕಡೆ ಗಾಳಿಯಂತ್ರಕ್ಕೆ ಎರಡು ಎಕರೆ ಕೊಟ್ಟರೆ ಉಳಿದ ಎರೆ ಹೊಲದಲ್ಲಿ ಕಡಲೆ ಬಿತ್ತಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಬಿತ್ತಿ, ರೆಕ್ಕೆಯ ನೆರಳಿಗೆ ಬೆಳೆ ಬಾಡುವುದಿಲ್ಲ. ತೊಂದರೆ ಇರುವುದು ದಾರಿಯಲ್ಲಿ. ಕ್ರೇನ್, ರೆಕ್ಕೆ ಹೊತ್ತ ಟ್ರೇಲರ್ ಓಡಾಡಲು ಗರಸು ಹಾಕಿ ಗಟ್ಟಿ ಮಾಡಿದ ಅಗಲವಾದ ರಸ್ತೆ ಬೇಕು. ಅದು ಬದು ಒಡೆದು ಹಾದುಹೋದರೆ ಮಳೆನೀರು ಮೇಲ್ಭಾಗದಲ್ಲೇ ನಿಂತು ಕಡಲೆಯ ಬೇರು ಕೊಳೆಯುತ್ತದೆ. ಮೋರಿ ಎಲ್ಲೆಲ್ಲಿ ಬರಬೇಕು, ಕೆಲಸ ಮುಗಿದ ಮೇಲೆ ಗರಸನ್ನು ಯಾರು ತೆಗೆಯಬೇಕು ಎಂಬುದನ್ನು ನಕ್ಷೆಸಮೇತ ಕರಾರಿನಲ್ಲಿ ಬರೆಸಿ, ನೋಂದಣಿ ಮಾಡಿಸಿ. ಮಧ್ಯವರ್ತಿಯ ಬಾಯಿಮಾತು ನೀರ ಮೇಲಿನ ಬರಹ! ಸದ್ದಿನ ಕಾರಣಕ್ಕೆ ವಾಸದ ಮನೆಯಿಂದ 500 ಮೀಟರ್ ಒಳಗೆ ಯಂತ್ರ ನಿಲ್ಲಿಸಬಾರದು ಎಂದು ಕೇಂದ್ರದ 2016ರ ಮಾರ್ಗಸೂಚಿ ಹೇಳುತ್ತದೆ. ಹೊಲದ ಮನೆಯಿದ್ದರೆ ಮೊದಲೇ ಅಳೆಸಿ. ಪತ್ರ ಗುತ್ತಿಗೆಯದೋ ಕ್ರಯದ್ದೋ ಎಂಬುದನ್ನು ಸಹಿಗೆ ಮುನ್ನ ವಕೀಲರಿಂದ ಓದಿಸಿ.