ಸಂಬಳ ಪೂರ್ತಿ ಗಂಡನ ಕೈಲಿದೆ, ಹೊಡೆಯಲ್ಲ ಬಡಿಯಲ್ಲ, ಇದೂ ದೌರ್ಜನ್ಯನಾ?

ಸಂಬಳ ಬಿದ್ದ ದಿನಾನೇ ದುಡ್ಡೆಲ್ಲ ಗಂಡನ ಅಕೌಂಟಿಗೆ ಹೋಗುತ್ತೆ, ಎಟಿಎಂ ಕಾರ್ಡೂ ಅವರ ಹತ್ರಾನೇ, ಬಸ್ ಚಾರ್ಜಿಗೂ ಕೇಳಿ ಇಸ್ಕೊಂಡು ಆಮೇಲೆ ಲೆಕ್ಕ ಒಪ್ಪಿಸ್ಬೇಕು, ಆದ್ರೆ ಕೈ ಮಾಡಿಲ್ಲ ಅಂತ ಬರೆದಿದ್ದೀರಿ. ಹೌದು, ಇದೂ ದೌರ್ಜನ್ಯನೇ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರಲ್ಲಿ ಆರ್ಥಿಕ ದೌರ್ಜನ್ಯ ಅಂತ ಬೇರೆಯಾಗೇ ಹೇಳಿದ್ದಾರೆ, ಏಟು ಬಿದ್ದಿರಲೇಬೇಕು ಅಂತೇನಿಲ್ಲ.

ನಾನು ಲಾಯರ್ ಅಲ್ಲ, ಬ್ಯಾಂಕ್ ಕೌಂಟರಲ್ಲಿ ಕೂರೋಳು. ಒಬ್ರೇ ದುಡ್ಡು ನೋಡ್ಕೊಳ್ಳೋದು ತಪ್ಪಲ್ಲ ಬಿಡಿ, ನಮ್ಮನೇಲಿ ಲೆಕ್ಕ ಎಲ್ಲ ನಂದೇ, ನಮ್ಮೆಜಮಾನ್ರಿಗೆ ಅದು ತಲೆನೋವು, ಆದ್ರೆ ಬೇಕಾದಾಗ ಆ್ಯಪ್ ತೆಗೆದು ನೋಡ್ತಾರೆ. ನೀವು ಒಂದ್ಸಲ 'ಸ್ಟೇಟ್‌ಮೆಂಟ್ ತೋರ್ಸಿ' ಅಂದ್ರೆ ಏನಾಗುತ್ತೆ? ತೋರಿಸಿದ್ರೆ ಮಾತಾಡಿ ಸರಿಮಾಡ್ಕೊಳ್ಳೋ ವಿಷ್ಯ. ಮುಖ ಊದಿಸ್ಕೊಂಡು ಮಾತು ಬಿಡೋದು, ಕೆಲ್ಸ ಬಿಡಿಸ್ತೀನಿ ಅನ್ನೋದು ಶುರುವಾದ್ರೆ ಕತೆ ಬೇರೆ. ಕೇಳೋಕೇ ಭಯ ಆಗುತ್ತೆ ಅಂದ್ರೆ ಕೇಳಿ ನೋಡೋದೂ ಬೇಡ, ಅದರಲ್ಲೇ ಉತ್ತರ ಇದೆ.

ಕೌಂಟರಲ್ಲಿ ನಾನು ನೋಡೋದು ಏನಂದ್ರೆ, ಅಕೌಂಟ್ ಹೆಂಡ್ತಿದು, ಮೊಬೈಲ್ ನಂಬರ್ ಮಾತ್ರ ಗಂಡಂದು, ಓಟಿಪಿ ಮೆಸೇಜ್ ಎಲ್ಲ ಅವರಿಗೇ ಹೋಗುತ್ತೆ, ಈಯಮ್ಮಂಗೆ ಬ್ಯಾಲೆನ್ಸ್ ಎಷ್ಟು ಅಂತಾನೇ ಗೊತ್ತಿರಲ್ಲ. ಅದಕ್ಕಿಂತ ಕೆಟ್ಟದ್ದು ಸಹಿ. ಇಲ್ಲಿ ಹಾಕು ಅಂದ ಕಡೆ ಹಾಕಿರ್ತಾರೆ, ಅದು ಸಾಲದ ಗ್ಯಾರಂಟಿ ಅಂತ ಗೊತ್ತಾಗೋದು ಇಎಂಐ ಬೌನ್ಸ್ ಆಗಿ ನೋಟಿಸ್ ಬಂದಾಗ, ಆಗ ಬ್ಯಾಂಕು ಸಾಲಗಾರನಷ್ಟೇ ಇವರನ್ನೂ ಹಿಡ್ಕೊಳ್ಳುತ್ತೆ. ಓದದೆ ಇನ್ಮೇಲೆ ಯಾವ್ದಕ್ಕೂ ಸಹಿ ಹಾಕ್ಬೇಡಿ. ಯಾರ ಹೆಸರಲ್ಲಿ ಯಾವ ಸಾಲ ಇದೆ ಅಂತ ಲೆಕ್ಕ ಇಡೋ ಸಿಬಿಲ್ ಥರದ ಕಂಪನಿಗಳು ವರ್ಷಕ್ಕೊಂದು ಕ್ರೆಡಿಟ್ ರಿಪೋರ್ಟ್ ಫ್ರೀಯಾಗಿ ಕೊಡ್ಬೇಕು, ತೆಗೆದು ನಿಮ್ಮ ಹೆಸರಲ್ಲಿ ಯಾವ ಸಾಲ ಇದೆ ನೋಡಿ, ಆದ್ರೆ ಓಟಿಪಿ ಅವರ ಫೋನಿಗೆ ಹೋಗೋ ಹಾಗಿದ್ರೆ ಸದ್ಯಕ್ಕೆ ಬೇಡ.

ಇವತ್ತೇ ಹೋಗಿ ಆಫೀಸಲ್ಲಿ ಸ್ಯಾಲರಿ ಅಕೌಂಟ್ ಬದಲಾಯಿಸ್ಬಿಡಿ ಅಂತ ಎಷ್ಟೋ ಜನ ಹೇಳ್ತಾರೆ, ನಾನು ಹೇಳಲ್ಲ. ದುಡ್ಡು ನಿಂತ ದಿನವೇ ಅವರಿಗೆ ಗೊತ್ತಾಗೋದು, ಕೈ ಮಾಡದೋರು ಅವತ್ತು ಮಾಡಬಹುದು. ಮೊದ್ಲು ನಿಮ್ಮದೇ ಒಂದು ಸಿಮ್, ಅವರಿಗೆ ಪಾಸ್‌ವರ್ಡ್ ಗೊತ್ತಿಲ್ಲದ ಇಮೇಲ್, ಬೇರೆ ಬ್ಯಾಂಕಲ್ಲಿ ಹೊಸ ಅಕೌಂಟ್. ಹಳೇ ಅಕೌಂಟಲ್ಲಿ ನಂಬರ್ ಬದಲಾಯಿಸೋಕೆ ಹೋಗ್ಬೇಡಿ, ಹಳೇ ನಂಬರಿಗೂ ಮೆಸೇಜ್ ಹೋಗಬಹುದು. ಪೇಸ್ಲಿಪ್, ಸ್ಟೇಟ್‌ಮೆಂಟ್, ಒಡವೆ ಬಿಲ್ಲು, ದುಡ್ಡಿನ ಬಗ್ಗೆ ಬೈದಿರೋ ವಾಟ್ಸಾಪ್ ಮೆಸೇಜ್, ಇವುಗಳ ಫೋಟೋ ನಂಬಿಕಸ್ತರ ಹತ್ರ ಇರಲಿ. ಸ್ಯಾಲರಿ ಬದಲಾಯಿಸೋದು ಕೊನೇಲಿ, ಅವತ್ತು ರಾತ್ರಿ ಎಲ್ಲಿರ್ತೀರಿ ಅನ್ನೋದು ಗಟ್ಟಿ ಆದ್ಮೇಲೆ.

181 ಮಹಿಳಾ ಸಹಾಯವಾಣಿ, ಮಾತಾಡೋಕಾದ್ರೂ ಮಾಡಿ, ಮಾಡಿದ್ಮೇಲೆ ಕಾಲ್ ಲಿಸ್ಟಿಂದ ಅಳಿಸಿ. ಈ ಕಾಯ್ದೇಲಿ ನಿಮ್ಮ ನೆರವಿಗೆ ಅಂತ ಇರೋ ಸಂರಕ್ಷಣಾಧಿಕಾರಿ ಕರ್ನಾಟಕದಲ್ಲಿ ಸಿಡಿಪಿಓ, ಅಂದ್ರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅವರ ಮೂಲಕಾನೋ ನೇರವಾಗೋ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ ಹಾಕಬಹುದು. ಲಾಯರ್ ಫೀಸಿಗೆ ದುಡ್ಡೆಲ್ಲಿ ಅನ್ಬೇಡಿ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದವರು ಉಚಿತವಾಗಿ ಲಾಯರ್ ಕೊಡ್ತಾರೆ, 15100ಕ್ಕೆ ಕೇಳಿ.

ಒಡವೆ ಬಗ್ಗೆ ನಿಮ್ಮಮ್ಮ 'ಗಂಡನ ಹತ್ರ ತಾನೇ ಇರೋದು, ಎಲ್ಲಿ ಹೋಗುತ್ತೆ' ಅಂತಾರೆ ಅಂದ್ರಲ್ಲ, ತವರಿಂದ ಬಂದ ಒಡವೆ ಸ್ತ್ರೀಧನ, ಅದು ನಿಮ್ಮದೊಬ್ಬರದೇ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಲಾಕರ್ ಜಾಯಿಂಟಲ್ಲಿದ್ರೂ ಕೋರ್ಟ್ ಕೇಳದೆ ಅವರು ತೆಗೆಯೋ ಹಾಗಿಲ್ಲ ಅಂತ ಮ್ಯಾಜಿಸ್ಟ್ರೇಟ್ ಆರ್ಡರ್ ಮಾಡಬಹುದು, ಅರ್ಜಿ ಬರೆಸುವಾಗ ಇದನ್ನ ಬಾಯ್ಬಿಟ್ಟು ಕೇಳಿ ಬರೆಸಿ.