ಮುರಿದ ವೀಲ್ ಸ್ಟಡ್ಡನ್ನು ಮನೆಯಲ್ಲೇ ಬದಲಿಸಬಹುದೇ?

ಪ್ರಶ್ನೆ: ನನ್ನದು ಹತ್ತು ವರ್ಷ ಹಳೆಯ ಮಾರುತಿ ಸ್ವಿಫ್ಟ್. ಕಳೆದ ವಾರ ಪಂಕ್ಚರ್ ಅಂಗಡಿಯಲ್ಲಿ ಗಾಳಿಯ ಗನ್ನಿನಿಂದ ನಟ್ ಬಿಗಿಯುವಾಗ ಮುಂದಿನ ಎಡಚಕ್ರದ, ನಟ್ ಹತ್ತುವ ಬೋಲ್ಟ್‌ಗಳಾದ ನಾಲ್ಕು ಸ್ಟಡ್‌ಗಳಲ್ಲಿ ಒಂದು ತುಂಡಾಯಿತು. ಪರಿಚಯದ ಮೆಕ್ಯಾನಿಕ್ ಒಬ್ಬರು ಹೊಸ ಬೋಲ್ಟ್ ಇಟ್ಟು ವೆಲ್ಡಿಂಗ್ ಮಾಡಿಕೊಡುವುದಾಗಿ ಹೇಳುತ್ತಿದ್ದಾರೆ. ಇದನ್ನು ನಾನೇ ಮನೆಯಲ್ಲಿ ಬದಲಿಸಬಹುದೇ? ಅಲ್ಲಿಯವರೆಗೆ ಮೂರು ನಟ್‌ಗಳ ಮೇಲೆ ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಹೋಗಿ ಬರಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಹೋಗಬೇಡಿ. ನಾಲ್ಕರಲ್ಲಿ ಒಂದು ಇಲ್ಲವಾದಾಗ ಅದರ ಹೊರೆ ಉಳಿದ ಮೂರರ ಮೇಲೆ ಬೀಳುತ್ತದೆ. ಆ ಮೂರೂ ಅದೇ ಗನ್ನಿನ ಪೆಟ್ಟು ತಿಂದವೇ. ಬಿಡಿಭಾಗದ ಅಂಗಡಿಯವರೆಗೆ ನಿಧಾನವಾಗಿ ಹೋಗಿ ಬರುವುದಕ್ಕಷ್ಟೇ ಕಾರನ್ನು ಹೊರತೆಗೆಯಿರಿ.

ವೆಲ್ಡಿಂಗ್ ಮಾತಿಗೆ ಒಪ್ಪಲೇಬೇಡಿ. ಸ್ಟಡ್ಡನ್ನು ಕಾಯಿಸಿ ಹದಗೊಳಿಸಿದ ಉಕ್ಕಿನಿಂದ ಮಾಡಿರುತ್ತಾರೆ. ವೆಲ್ಡಿಂಗ್ ಕಾವಿಗೆ ಆ ಹದ ಕೆಟ್ಟು, ಬೆಸುಗೆಯ ಪಕ್ಕದಲ್ಲೇ ಅದು ಮತ್ತೆ ಮುರಿಯುತ್ತದೆ, ಹಬ್ಬಿನ (ಚಕ್ರ ಕೂರುವ, ಅದರೊಂದಿಗೆ ತಿರುಗುವ ಭಾಗದ) ಬೇರಿಂಗಿನೊಳಗಿನ ಗ್ರೀಸೂ ಸುಟ್ಟುಹೋಗಬಹುದು. ಸ್ಟಡ್ ತಿರುಗದಂತೆ ಹಿಡಿದಿಡುವುದು ಬೆಸುಗೆಯಲ್ಲ, ಅದರ ತಲೆಯ ಬಳಿಯ ಹಲ್ಲುಗೆರೆಗಳು. ಅವು ಹಬ್ಬಿನ ರಂಧ್ರದಲ್ಲಿ ಬಿಗಿಯಾಗಿ ಕಚ್ಚಿಕೊಂಡಿರುತ್ತವೆ. ರಂಧ್ರವೇ ಸವೆದು ಹೊಸ ಸ್ಟಡ್ ಗರಗರ ತಿರುಗುವಂತಾಗಿದ್ದರೆ ಹಬ್ಬನ್ನೇ ಬದಲಿಸಬೇಕು.

ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಹಿಡಿದು ಬ್ರೇಕ್ ಹಾಕುವ ಭಾಗ) ಬಿಚ್ಚಿ ಜೋಡಿಸಿದ ಅಭ್ಯಾಸವಿದ್ದರೆ ಮುಂದಿನ ಚಕ್ರದ ಈ ಕೆಲಸ ಮನೆಯಲ್ಲೇ ಆಗುತ್ತದೆ. ಮುರಿದ ತುಂಡನ್ನು ಅಂಗಡಿಗೆ ಒಯ್ದು, ಉದ್ದ, ದಪ್ಪ, ಹಲ್ಲುಗೆರೆಯ ಅಳತೆ ಮೂರೂ ತಾಳೆಯಾಗುವ ಸ್ಟಡ್‌ಗಳನ್ನೇ ತನ್ನಿ. ನಿಮ್ಮ ಕಾರಿನದು 12 ಮಿಲಿಮೀಟರ್ ದಪ್ಪ, 1.25 ಪಿಚ್ಚಿನ ಥ್ರೆಡ್, ಅಂದರೆ ಎರಡು ಸುತ್ತುಗೆರೆಗಳ ನಡುವೆ 1.25 ಮಿಲಿಮೀಟರ್ ಅಂತರ. ಟೊಯೊಟಾ, ಹೋಂಡಾ ಕಾರುಗಳ 1.5 ಪಿಚ್ಚಿನ ನಟ್ ಇದಕ್ಕೆ ಒಂದೆರಡು ಸುತ್ತು ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಒಂದರ ಬದಲು ಆ ಚಕ್ರದ ನಾಲ್ಕನ್ನೂ ಬದಲಿಸುವುದು ನನ್ನ ಸಲಹೆ.

ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಜಾಕಿನಿಂದ ಎತ್ತಿದ ಮೇಲೆ ಸ್ಟ್ಯಾಂಡಿನ ಮೇಲೆ ಇಳಿಸಿರಿ. ಕಾರಿನ ಜೊತೆ ಬರುವ ಜಾಕನ್ನೊಂದನ್ನೇ ನಂಬಿ ಕೈ ಹಾಕಬೇಡಿ. ಕ್ಯಾಲಿಪರನ್ನು ತಂತಿಯಿಂದ ಕಟ್ಟಿ ತೂಗುಹಾಕಿ, ಬ್ರೇಕ್ ಹೋಸಿನ ಮೇಲೆ ಭಾರ ಬೀಳದಂತೆ ನೋಡಿಕೊಂಡು ಡಿಸ್ಕನ್ನು ಹೊರತೆಗೆಯಿರಿ. ಸ್ಟೀರಿಂಗ್ ತಿರುಗಿಸಿ, ಹಬ್ಬನ್ನೂ ತಿರುಗಿಸಿ, ಸ್ಟಡ್ ಹಿಂದಕ್ಕೆ ಜಾರಿ ಹೊರಬರಲು ಜಾಗವಿರುವ ಕಡೆಗೆ ತಂದುಕೊಳ್ಳಿ. ಅನೇಕರು ಇಲ್ಲಿ ಸುತ್ತಿಗೆ ಎತ್ತುತ್ತಾರೆ. ಸ್ಟಡ್ ಬರುತ್ತದೆ ನಿಜ, ಆದರೆ ಆ ಹೊಡೆತ ಬೇರಿಂಗಿಗೂ ತಗಲಿ, ಕೆಲವು ದಿನಗಳ ಬಳಿಕ ಚಕ್ರದಿಂದ ಗುಂಯ್ ಎನ್ನುವ ಸದ್ದು ಶುರುವಾಗಬಹುದು. ಸಿ ಆಕಾರದ ಗಟ್ಟಿ ಪ್ರೆಸ್ಸಿನಿಂದ ಒತ್ತಿ ತೆಗೆಯುವುದೇ ಲೇಸು.

ಹೊಸ ಸ್ಟಡ್ಡನ್ನು ಹಿಂದಿನಿಂದ ತೂರಿಸಿ, ಹಲ್ಲುಗೆರೆಗಳನ್ನು ರಂಧ್ರದ ಹಳೆಯ ಗೆರೆಗಳಿಗೆ ಹೊಂದಿಸಿ, ಮುಂದಿನಿಂದ ಗ್ರೀಸ್ ಸವರಿದ ಮೂರು ನಾಲ್ಕು ದಪ್ಪ ವಾಷರ್ ಹಾಕಿ, ಅದೇ ಥ್ರೆಡ್ಡಿನ ಸಾದಾ ನಟ್‌ನಿಂದ ಎಳೆದುಕೊಳ್ಳಬೇಕು. ಚಕ್ರದ ನಟ್ಟನ್ನೇ ಇದಕ್ಕೆ ಬಳಸಿದರೆ ಅದರ ಥ್ರೆಡ್ಡೂ ಓರೆ ಮುಖವೂ ಹಾಳಾಗುತ್ತವೆ. ಹಬ್ ತಿರುಗದಿರಲು ಇನ್ನೆರಡು ಸ್ಟಡ್‌ಗಳಿಗೆ ನಟ್ ಹಾಕಿ, ಅವುಗಳ ನಡುವೆ ಉದ್ದನೆಯ ಕಬ್ಬಿಣದ ಸಲಾಕೆ ಕೊಟ್ಟು ಒಬ್ಬರು ಹಿಡಿದುಕೊಂಡಿರಲಿ. ತಲೆ ಹಬ್ಬಿನ ಬೆನ್ನಿಗೆ ಪೂರ್ತಿ ತಾಗುವವರೆಗೆ ಎಳೆದು, ಟಾರ್ಚ್ ಬಿಟ್ಟು ನೋಡಿ. ಕೂದಲೆಳೆಯಷ್ಟು ಸಂದು ಉಳಿದರೂ ಕಾರು ಓಡುವಾಗ ಸ್ಟಡ್ ಒಳಸರಿದು ನಟ್ ಸಡಿಲವಾಗುತ್ತದೆ.

ಹಿಂದಿನ ಚಕ್ರದ ಸ್ಟಡ್ ಮುರಿದಿದ್ದರೆ ನಾನು ಇಷ್ಟು ಧೈರ್ಯ ಹೇಳುತ್ತಿರಲಿಲ್ಲ. ಅಲ್ಲಿ ಬೇರಿಂಗ್ ಡ್ರಮ್ಮಿನೊಳಗೇ ಇರುವುದರಿಂದ ಅದು ಗ್ಯಾರೇಜಿನ ಕೆಲಸ.

ಚಕ್ರ ಕೂರಿಸುವಾಗ ಸ್ಟಡ್ಡಿಗೆ ಎಣ್ಣೆ, ಗ್ರೀಸ್ ಉಳಿಯದಂತೆ ಒರೆಸಿ, ಪ್ರತಿ ನಟ್ಟನ್ನೂ ಮೊದಲು ಬೆರಳಿನಿಂದಲೇ ಹಲವು ಸುತ್ತು ತಿರುಗಿಸಿರಿ. ಗನ್ನಿನವರು ಬಿಡುವ ಹೆಜ್ಜೆ ಇದೇ. ಓರೆಯಾಗಿ ಹತ್ತಿದ ನಟ್ ಕೈಗೆ ಗೊತ್ತಾಗುತ್ತದೆ, ಗನ್ನಿಗೆ ಗೊತ್ತಾಗುವುದಿಲ್ಲ. ಬಳಿಕ ಎದುರುಬದುರು ಕ್ರಮದಲ್ಲಿ, ಪಾನಾದ ಮೇಲೆ ಕಾಲಿಟ್ಟು ನಿಲ್ಲದೆ, ಮಾಲೀಕರ ಕೈಪಿಡಿಯಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಿಂದ (ಬಿಗಿತದ ಅಳತೆ ತೋರಿಸುವ ಪಾನಾ) ಬಿಗಿಮಾಡಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಅದೇ ಅಳತೆಗೆ ಪರೀಕ್ಷಿಸಬೇಕು. ಆ ಓಡಾಟವನ್ನು ಶಿರಸಿಯ ಸುತ್ತಮುತ್ತಲೇ ಮುಗಿಸಿಕೊಂಡು, ಆಮೇಲೆ ಕುಮಟಾದ ದಾರಿ ಹಿಡಿಯಿರಿ.